ಲೆಕ್ಚರರ್ ಹೇಳುವ ಗಣಿತ ಅರ್ಥವಾಗದಿದ್ದಾಗ: ಮೊದಲ ಪಿಯುಸಿಯವರಿಗೆ ಸಮಗ್ರ ಮಾರ್ಗದರ್ಶಿ

ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಬಂದಿತ್ತು. ಧೈರ್ಯವಾಗಿ ಸೈನ್ಸ್ ತೆಗೆದುಕೊಂಡಿರಿ. ಈಗ ಕಾಲೇಜು ಶುರುವಾಗಿ ಒಂದೆರಡು ತಿಂಗಳಾಗಿದೆ, ಗಣಿತದ ಪೀರಿಯಡ್‌ನಲ್ಲಿ ಏನು ನಡೆಯುತ್ತಿದೆ ಎಂದೇ ಗೊತ್ತಾಗುತ್ತಿಲ್ಲ. ಸರ್ ಬೋರ್ಡಿನ ಮೇಲೆ ಒಂದು ಸಾಲು ಬರೆಯುತ್ತಾರೆ, ನಡುವೆ ಎರಡು ಸಾಲು ನುಂಗಿ ಉತ್ತರಕ್ಕೆ ಹೋಗುತ್ತಾರೆ. ಏನೋ ಒರೆಸುತ್ತಾರೆ, ಬೇರೆ ಏನೋ ಬರೆಯುತ್ತಾರೆ. ‘ಆಯ್ತಲ್ಲ, ಇಷ್ಟೇ’ ಎಂದು ಮುಂದಿನ ಲೆಕ್ಕಕ್ಕೆ ಕೈ ಹಾಕುತ್ತಾರೆ. ನೀವು ಎಲ್ಲವನ್ನೂ ನೋಡಿ ಬರೆದುಕೊಂಡಿರುತ್ತೀರಿ. ರಾತ್ರಿ ನೋಟ್ಸ್ ತೆರೆದರೆ ತಲೆಬುಡ ಗೊತ್ತಾಗುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ಇನ್ನೂ ಕಷ್ಟ. ಪಾಠವೂ ಅರ್ಥವಾಗಬೇಕು, ಪಾಠ ಹೇಳುವ ಇಂಗ್ಲಿಷೂ ಅರ್ಥವಾಗಬೇಕು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ‘ನನಗೆ ಗಣಿತ ಅರ್ಥವಾಗುತ್ತಿಲ್ಲ’ ಎಂದುಕೊಂಡು ಕುಳಿತರೆ ಯಾರಿಂದಲೂ ಸಹಾಯ ಮಾಡಲಾಗುವುದಿಲ್ಲ. ‘ಮೂರನೇ ಸಾಲಿನಿಂದ ನಾಲ್ಕನೇ ಸಾಲು ಹೇಗೆ ಬಂತು ಗೊತ್ತಾಗಲಿಲ್ಲ’ ಎಂದು ಹೇಳಲು ಬಂದರೆ ಅರ್ಧ ಕೆಲಸ ಮುಗಿಯಿತು. ಈ ಇಡೀ ಮಾರ್ಗದರ್ಶಿ ಆ ಒಂದು ಸಾಲನ್ನು ಹುಡುಕುವುದರ ಬಗ್ಗೆಯೇ ಇದೆ.

ಹಂತ 1: ತೊಡಕು ಎಲ್ಲಿದೆ ಎಂದು ಪತ್ತೆ ಹಚ್ಚಿ

ಪಾಠ ಅರ್ಥವಾಗದಿದ್ದಾಗ ಎಲ್ಲ ತಪ್ಪನ್ನೂ ಪಾಠ ಮಾಡುವವರ ಮೇಲೆ ಹಾಕುವುದು ಸುಲಭ. ಎಲ್ಲವನ್ನೂ ನಮ್ಮ ತಲೆಯ ಮೇಲೆ ಹಾಕಿಕೊಳ್ಳುವುದೂ ಅಷ್ಟೇ ಸುಲಭ. ಎರಡೂ ಬೇಡ. ಅರ್ಧ ಗಂಟೆಯ ಒಂದು ಪರೀಕ್ಷೆ ಮಾಡಿ.

ನಿಮ್ಮ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಈಗ ನಡೆಯುತ್ತಿರುವ ಅಧ್ಯಾಯ ತೆಗೆಯಿರಿ. ಬಿಡಿಸಿ ತೋರಿಸಿರುವ ಮೊದಲ ಎರಡು ಉದಾಹರಣೆಗಳನ್ನು ಯಾರ ಸಹಾಯವೂ ಇಲ್ಲದೆ ನಿಧಾನವಾಗಿ ಓದಿ. ಎಲ್ಲಿ ನಿಂತಿರೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ಎರಡೂ ಉದಾಹರಣೆ ಅರ್ಥವಾದರೆ ತೊಡಕು ಇರುವುದು ಕ್ಲಾಸಿನ ವೇಗದಲ್ಲಿ, ಅಥವಾ ಸರ್ ಹೇಳುವ ರೀತಿಯಲ್ಲಿ. ನಿಮ್ಮ ತಲೆ ಸರಿಯಾಗಿಯೇ ಇದೆ. ವಾಕ್ಯವೇ ಅರ್ಥವಾಗದೆ ನಿಂತಿದ್ದರೆ ತೊಡಕು ಭಾಷೆಯದು. ವಾಕ್ಯ ಅರ್ಥವಾಯಿತು, ಆದರೆ ಒಂದು ಸಾಲಿನಿಂದ ಇನ್ನೊಂದು ಸಾಲು ಹೇಗೆ ಬಂತು ಎನ್ನುವುದು ತಿಳಿಯಲಿಲ್ಲ ಎಂದರೆ ಎಂಟು, ಒಂಬತ್ತು, ಹತ್ತನೇ ತರಗತಿಯ ಯಾವುದೋ ಪಾಠ ಗಟ್ಟಿಯಾಗಿಲ್ಲ. ಬಹಳ ಜನರಿಗೆ ಮೂರೂ ಸ್ವಲ್ಪ ಸ್ವಲ್ಪ ಇರುತ್ತದೆ. ಪರವಾಗಿಲ್ಲ. ಯಾವುದು ಜಾಸ್ತಿ ಎಂದು ಗೊತ್ತಾದರೆ ಸಾಕು.

ಹಂತ 2: ಹಳೆಯ ಪಾಠ ಗಟ್ಟಿ ಮಾಡಿಕೊಳ್ಳಿ

ಲೆಕ್ಚರರ್ ಸಾಲು ನುಂಗುವುದು ಹೆಚ್ಚಾಗಿ ಇಲ್ಲಿಯೇ. ‘ಇದು ಹೈಸ್ಕೂಲಿನಲ್ಲಿ ಆಗಿದೆ’ ಎಂದು ಅವರು ಬಿಟ್ಟುಬಿಡುತ್ತಾರೆ. ನಿಮಗೆ ಅದು ಆಗಿರುತ್ತದೆ, ಆದರೆ ಕೈಗೆ ಹತ್ತಿರುವುದಿಲ್ಲ. ಪೂರ್ತಿ ಹತ್ತನೇ ತರಗತಿ ಮತ್ತೆ ಓದಬೇಕಾಗಿಲ್ಲ. ಮೊದಲ ಪಿಯುಸಿಗೆ ದಿನವೂ ಬೇಕಾಗುವುದು ಇಷ್ಟು: ಪ್ಲಸ್ ಮೈನಸ್ ಚಿಹ್ನೆಗಳು, ಭಿನ್ನರಾಶಿಗಳನ್ನು ಕೂಡಿಸುವುದು, ಕಂಸ ಬಿಡಿಸುವುದು, ಅಪವರ್ತಿಸುವುದು, ಘಾತಾಂಕದ ನಿಯಮಗಳು, ವರ್ಗ ಸಮೀಕರಣದ ಸೂತ್ರ, 0, 30, 45, 60, 90 ಡಿಗ್ರಿಗಳ ತ್ರಿಕೋನಮಿತಿ ಬೆಲೆಗಳು.

ನಿಮಗೆ ಇವು ಎಷ್ಟು ಗಟ್ಟಿಯಾಗಿವೆ ಎಂದು ನೋಡಲು ಎರಡು ಪ್ರಶ್ನೆ ಕೊಡುತ್ತೇನೆ. (ಎಕ್ಸ್ + 3)² ಎಷ್ಟು? ‘ಎಕ್ಸ್² + 9’ ಎಂದು ಬಾಯಿಗೆ ಬಂತೇ? ಎಕ್ಸ್‌ಗೆ 1 ಹಾಕಿ ನೋಡಿ. ಎಡಗಡೆ 4ರ ವರ್ಗ, ಅಂದರೆ 16. ಬಲಗಡೆ 1 + 9, ಅಂದರೆ 10. ಸರಿಹೋಗಲಿಲ್ಲ. ನಡುವಿನ 6ಎಕ್ಸ್ ಬಿಟ್ಟುಹೋಗಿದೆ. ಎರಡನೆಯದು, √(ಎ² + ಬಿ²) ಎಂದರೆ ಎ + ಬಿ ಆಗುತ್ತದೆಯೇ? 3 ಮತ್ತು 4 ಹಾಕಿ. 9 + 16 = 25, ಅದರ ವರ್ಗಮೂಲ 5. ಆದರೆ 3 + 4 = 7. ಹಾಗಾಗಿ ಅದೂ ತಪ್ಪು.

ಇಂಥ ತಪ್ಪುಗಳಿದ್ದರೆ ಹತ್ತನೇ ತರಗತಿಯ ಹೊಸ ಅಧ್ಯಾಯ ತೆಗೆದು ಕೂರಬೇಡಿ. ಕಂಸ ಬಿಡಿಸುವ ಲೆಕ್ಕಗಳನ್ನೇ ದಿನಕ್ಕೆ ಹತ್ತರಂತೆ ಮಾಡಿ. ಹಳೆಯ ಕನ್ನಡ ಮಾಧ್ಯಮದ ಪಠ್ಯಪುಸ್ತಕವನ್ನು ಯಾರಿಗಾದರೂ ಕೊಟ್ಟಿದ್ದರೆ ವಾಪಸ್ ತೆಗೆದುಕೊಳ್ಳಿ. ಅದು ಇನ್ನೂ ಒಂದು ವರ್ಷ ನಿಮ್ಮ ಮೇಜಿನ ಮೇಲೆಯೇ ಇರಬೇಕು.

ಹಂತ 3: ಭಾಷೆಗೆ ಒಂದು ಬೇರೆ ನೋಟ್‌ಬುಕ್

ಎಡಗಡೆ ಇಂಗ್ಲಿಷ್ ಪದ, ಬಲಗಡೆ ನಿಮಗೆ ಗೊತ್ತಿರುವ ಕನ್ನಡ ಪದ ಬರೆಯುತ್ತಾ ಹೋಗಿ. ಕೋಎಫಿಶಿಯೆಂಟ್ ಅಂದರೆ ಸಹಗುಣಕ. ವೇರಿಯಬಲ್ ಅಂದರೆ ಚರಾಕ್ಷರ. ಪಾಲಿನೋಮಿಯಲ್ ಅಂದರೆ ಬಹುಪದೋಕ್ತಿ. ಸಬ್‌ಸೆಟ್ ಅಂದರೆ ಉಪಗಣ. ಹೀಗೆ ಬರೆದಾಗ ಇವುಗಳಲ್ಲಿ ಅರ್ಧದಷ್ಟು ನಿಮಗೆ ಮೊದಲೇ ಗೊತ್ತಿತ್ತು ಎಂದು ತಿಳಿಯುತ್ತದೆ. ಅದೇ ದೊಡ್ಡ ಧೈರ್ಯ.

ಆದರೆ ದೊಡ್ಡ ಪದಗಳಿಗಿಂತ ಚಿಕ್ಕ ಪದಗಳೇ ಜಾಸ್ತಿ ಅಂಕ ಕಳೆಯುತ್ತವೆ. ಲೆಟ್, ಸಚ್ ದಟ್, ಹೆನ್ಸ್, ರೆಸ್ಪೆಕ್ಟಿವ್ಲಿ, ಅಟ್ ಲೀಸ್ಟ್, ಅಟ್ ಮೋಸ್ಟ್. ಇವುಗಳನ್ನು ಯಾರೂ ಬಿಡಿಸಿ ಹೇಳುವುದಿಲ್ಲ. 3 ಹುಡುಗಿಯರು, 4 ಹುಡುಗರು ಇದ್ದಾರೆ, 3 ಜನರನ್ನು ಆರಿಸಬೇಕು ಎಂದುಕೊಳ್ಳಿ. ‘ಅಟ್ ಲೀಸ್ಟ್’ 2 ಹುಡುಗಿಯರು ಎಂದರೆ ಇಬ್ಬರು ಅಥವಾ ಮೂವರು. ಉತ್ತರ 13. ‘ಅಟ್ ಮೋಸ್ಟ್’ 2 ಹುಡುಗಿಯರು ಎಂದರೆ ಇಬ್ಬರು, ಒಬ್ಬರು ಅಥವಾ ಒಬ್ಬರೂ ಇಲ್ಲ. ಉತ್ತರ 34. ಲೆಕ್ಕ ಮಾಡಲು ಚೆನ್ನಾಗಿ ಬರುವವರೂ ಇಲ್ಲಿ ಒಂದರ ಬದಲು ಇನ್ನೊಂದು ಬರೆದು ಬರುತ್ತಾರೆ.

ಹಂತ 4: ಕ್ಲಾಸಿಗೆ ಮೊದಲು ಹದಿನೈದು ನಿಮಿಷ

ಪಾಠ ಗೊಂದಲವಾಗಿರುವಾಗ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಇದು. ನಾಳೆ ಯಾವ ಭಾಗ ಎಂದು ತಿಳಿದುಕೊಂಡು ಅದರ ವ್ಯಾಖ್ಯೆ, ಹೊಸ ಚಿಹ್ನೆಗಳು ಮತ್ತು ಒಂದೇ ಒಂದು ಉದಾಹರಣೆ ಓದಿಕೊಂಡು ಹೋಗಿ. ಪೂರ್ತಿ ಅರ್ಥವಾಗಬೇಕಾಗಿಲ್ಲ. ಹೊಸ ಚಿಹ್ನೆಯನ್ನು ಮೊದಲ ಸಲ ಬೋರ್ಡಿನ ಮೇಲೆಯೇ ನೋಡಿದರೆ ಅದೇನು ಎಂದು ಯೋಚಿಸುವಷ್ಟರಲ್ಲಿ ಸರ್ ಮೂರು ಸಾಲು ಮುಂದೆ ಹೋಗಿರುತ್ತಾರೆ. ಮೊದಲೇ ನೋಡಿದ್ದರೆ ಆ ಮೂರು ಸಾಲು ಉಳಿಯುತ್ತವೆ.

ಪುಸ್ತಕ ಇನ್ನೂ ಸಿಕ್ಕಿಲ್ಲ ಎಂದರೆ ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಉಚಿತವಾಗಿಯೇ ಸಿಗುತ್ತದೆ. ಅಧ್ಯಾಯಗಳನ್ನು ಬಿಡಿಬಿಡಿಯಾಗಿ ಫೋನಿಗೆ ಇಳಿಸಿಕೊಳ್ಳಬಹುದು.

ಹಂತ 5: ಕ್ಲಾಸಿನಲ್ಲಿ ಬರೆಯುವ ರೀತಿ ಬದಲಿಸಿ

ಪುಟದ ಬಲಗಡೆ ಎರಡು ಇಂಚು ಖಾಲಿ ಬಿಡಿ. ಬೋರ್ಡಿನಲ್ಲಿ ಇರುವುದನ್ನು ಎಡಗಡೆ ಬರೆಯಿರಿ. ಒಂದು ಸಾಲು ಎಲ್ಲಿಂದ ಬಂತು ಗೊತ್ತಾಗದಿದ್ದರೆ ಅಲ್ಲೇ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕೆಳಗೆ ಎರಡು ಸಾಲು ಜಾಗ ಬಿಟ್ಟು ಮುಂದೆ ಹೋಗಿ. ಅದನ್ನೇ ಯೋಚಿಸುತ್ತಾ ಕೂರಬೇಡಿ. ಕೂತರೆ ಮುಂದಿನದೂ ಹೋಗುತ್ತದೆ.

ಸರ್ ಬಾಯಲ್ಲಿ ಹೇಳಿದ್ದನ್ನು ಬಲಗಡೆ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ‘ಇಲ್ಲಿ ಕಾಮನ್ ತೆಗೆದರು’, ‘ಮೇಲಿನ ಸೂತ್ರ ಹಾಕಿದರು’. ಅರ್ಥವಾಗದ ಪಾಠ ಮಾಡುವವರು ಕೂಡ ಬೋರ್ಡಿನಲ್ಲಿ ಬರೆಯದ ಕಾರಣವನ್ನು ಎಷ್ಟೋ ಸಲ ಬಾಯಲ್ಲಿ ಹೇಳಿರುತ್ತಾರೆ. ಬರೆದುಕೊಳ್ಳುವ ಗಡಿಬಿಡಿಯಲ್ಲಿ ನಾವು ಕೇಳಿಸಿಕೊಂಡಿರುವುದಿಲ್ಲ.

ಅವರು ಒರೆಸಿ ತಿದ್ದಿದ್ದನ್ನು ನೀವು ಒರೆಸಬೇಡಿ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ. ತಪ್ಪು ಎಲ್ಲಿ ಆಗಿತ್ತು ಎಂದು ಮನೆಯಲ್ಲಿ ನೋಡಿದರೆ ಆ ಲೆಕ್ಕ ಮರೆಯುವುದೇ ಇಲ್ಲ.

ಹಂತ 6: ಅದೇ ದಿನ ಸಂಜೆ, ನುಂಗಿದ ಸಾಲುಗಳನ್ನು ತುಂಬಿ

ಇದೇ ಮುಖ್ಯ ಕೆಲಸ. ನಾಳೆಗೆ ಬಿಟ್ಟರೆ ಸರ್ ಏನು ಹೇಳಿದ್ದರು ಎನ್ನುವುದು ನೆನಪಿರುವುದಿಲ್ಲ. ಭಾನುವಾರಕ್ಕೆ ಬಿಟ್ಟರೆ ಐದು ದಿನದ ಪ್ರಶ್ನೆಗಳು ಸೇರಿ ಮುಟ್ಟುವುದಕ್ಕೇ ಭಯವಾಗುತ್ತದೆ.

ಒಂದು ಉದಾಹರಣೆ ಪೂರ್ತಿ ನೋಡೋಣ. ಲಿಮಿಟ್ಸ್ ಪಾಠ. ಬೋರ್ಡಿನ ಮೇಲೆ ಹೀಗಿತ್ತು: ಎಕ್ಸ್ 2ರ ಹತ್ತಿರ ಹೋದಾಗ (ಎಕ್ಸ್² − 4) / (ಎಕ್ಸ್ − 2) ಎಂಬುದರ ಲಿಮಿಟ್ 4. ಎರಡೇ ಸಾಲು. ನಡುವೆ ಏನೂ ಇಲ್ಲ. ನೀವು ಎಕ್ಸ್‌ಗೆ 2 ಹಾಕಿ ನೋಡುತ್ತೀರಿ. ಮೇಲೆ ಸೊನ್ನೆ, ಕೆಳಗೂ ಸೊನ್ನೆ. 4 ಎಲ್ಲಿಂದ ಬಂತು?

ಮೊದಲು ಹಳೆಯ ಪಾಠದ ಸಾಲು ತುಂಬಿ. ಎಕ್ಸ್² − 4 ಎಂಬುದು (ಎಕ್ಸ್ − 2)(ಎಕ್ಸ್ + 2). ಇದು ಹೈಸ್ಕೂಲಿನ ಎ² − ಬಿ² ಸೂತ್ರ. ಮುಂದಿನ ಸಾಲಿನಲ್ಲಿ ಮೇಲಿನ ಎಕ್ಸ್ − 2 ಮತ್ತು ಕೆಳಗಿನ ಎಕ್ಸ್ − 2 ಹೊಡೆದುಹೋಗುತ್ತವೆ. ಉಳಿದದ್ದು ಎಕ್ಸ್ + 2. ಅದಕ್ಕೆ 2 ಹಾಕಿದರೆ 4.

ಇಲ್ಲಿಗೆ ನಿಲ್ಲಿಸಬೇಡಿ. ಜಾಣ ಮಕ್ಕಳು ಇಲ್ಲಿಯೇ ಒಂದು ಪ್ರಶ್ನೆ ಕೇಳುತ್ತಾರೆ: ಎಕ್ಸ್ − 2 ಸೊನ್ನೆ ತಾನೇ? ಸೊನ್ನೆಯನ್ನು ಸೊನ್ನೆಯಿಂದ ಹೊಡೆಯಬಹುದೇ? ಬಹಳ ಒಳ್ಳೆಯ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಗದೆ ಇರುವುದರಿಂದಲೇ ಲಿಮಿಟ್ಸ್ ಎಷ್ಟೋ ಜನರಿಗೆ ಉರು ಹೊಡೆಯುವ ಪಾಠವಾಗಿಬಿಡುತ್ತದೆ. ಉತ್ತರ ಇಷ್ಟು: ಎಕ್ಸ್ 2ರ ಹತ್ತಿರ ಹೋಗುತ್ತಿದೆ, 2 ಆಗಿಲ್ಲ. 2 ಆಗದೆ ಇರುವವರೆಗೆ ಎಕ್ಸ್ − 2 ಎಷ್ಟೇ ಚಿಕ್ಕದಿದ್ದರೂ ಸೊನ್ನೆ ಅಲ್ಲ, ಹಾಗಾಗಿ ಹೊಡೆಯಬಹುದು. ನಂಬಿಕೆ ಬರಬೇಕಾದರೆ ಅಂಕಿ ಹಾಕಿ. ಎಕ್ಸ್ 1.9 ಆದರೆ ಬೆಲೆ 3.9. 1.99 ಆದರೆ 3.99. ಆ ಕಡೆಯಿಂದ 2.01 ಆದರೆ 4.01. ಎರಡೂ ಕಡೆಯಿಂದ 4ರ ಹತ್ತಿರಕ್ಕೇ ಬರುತ್ತಿದೆ, ಅಲ್ವಾ?

ಪ್ರತಿ ಲೆಕ್ಕಕ್ಕೂ ಇಷ್ಟು ಹೊತ್ತು ಕೊಡಲು ಆಗುವುದಿಲ್ಲ. ಬೇಕಾಗಿಯೂ ಇಲ್ಲ. ದಿನಕ್ಕೆ ಒಂದು ಲೆಕ್ಕವನ್ನು ಹೀಗೆ ಪೂರ್ತಿ ಬಿಚ್ಚಿದರೆ ಅದೇ ರೀತಿಯ ಉಳಿದವು ಬೇಗ ಆಗುತ್ತವೆ.

ಹಂತ 7: ಕಾರಣ ಹೇಳದೆ ಕೊಟ್ಟ ನಿಯಮವನ್ನು ಅಂಕಿ ಹಾಕಿ ನೋಡಿ

‘ಮೈನಸ್‌ನಿಂದ ಗುಣಿಸಿದರೆ ಚಿಹ್ನೆ ತಿರುಗುತ್ತದೆ, ಬರ್ಕೊಳ್ಳಿ.’ ಅಸಮತೆಗಳ ಪಾಠದಲ್ಲಿ ಈ ಮಾತು ಬರುತ್ತದೆ. ಯಾಕೆ ಎಂದು ಹೇಳುವುದಿಲ್ಲ. ಸುಮ್ನೆ ಎರಡು ಸಂಖ್ಯೆ ತೆಗೆದುಕೊಳ್ಳಿ. 2 ಚಿಕ್ಕದು, 5 ದೊಡ್ಡದು. ಎರಡಕ್ಕೂ ಮೈನಸ್ ಹಾಕಿ ಸಂಖ್ಯಾರೇಖೆಯ ಮೇಲೆ ಇಡಿ. ಈಗ −5 ಎಡಕ್ಕೆ ಹೋಯಿತು, −2 ಬಲಕ್ಕೆ ಉಳಿಯಿತು. ದೊಡ್ಡದು ಚಿಕ್ಕದಾಯಿತು. ಅದಕ್ಕೇ ಚಿಹ್ನೆ ತಿರುಗುವುದು. −2ಎಕ್ಸ್ < 6 ಎಂದು ಇದ್ದರೆ ಉತ್ತರ ಎಕ್ಸ್ > −3. ಸರಿಯೇ ಎಂದು ನೋಡಲು ಎಕ್ಸ್‌ಗೆ ಸೊನ್ನೆ ಹಾಕಿ. 0 < 6 ನಿಜ, 0 > −3 ಕೂಡ ನಿಜ.

ಕ್ರಮಯೋಜನೆ ಮತ್ತು ವಿಕಲ್ಪದಲ್ಲಿ ಎನ್‌ಪಿಆರ್ ಯಾವಾಗ, ಎನ್‌ಸಿಆರ್ ಯಾವಾಗ ಎಂಬ ಗೊಂದಲಕ್ಕೂ ಇದೇ ಮದ್ದು. 5 ಜನರಲ್ಲಿ ಒಬ್ಬರು ಅಧ್ಯಕ್ಷರು, ಒಬ್ಬರು ಕಾರ್ಯದರ್ಶಿ ಆಗಬೇಕೆಂದರೆ 5 × 4 = 20 ರೀತಿ. ಇಲ್ಲಿ ಕ್ರಮ ಮುಖ್ಯ, ಇದು ಎನ್‌ಪಿಆರ್. ಸುಮ್ಮನೆ ಇಬ್ಬರು ಸದಸ್ಯರು ಬೇಕೆಂದರೆ 10 ರೀತಿ ಮಾತ್ರ, ಏಕೆಂದರೆ ಅವರಿಬ್ಬರು ಜಾಗ ಅದಲು ಬದಲು ಮಾಡಿದರೂ ಜೋಡಿ ಅದೇ. ಇದು ಎನ್‌ಸಿಆರ್. ಜೋಡಿಗಳನ್ನು ಕೈಯಲ್ಲೇ ಪಟ್ಟಿ ಮಾಡಿ ಎಣಿಸಿ, ಆಮೇಲೆ ಸೂತ್ರ ಹಾಕಿ. ಇಲ್ಲಿ ಒಂದು ಮಾತು ಹೇಳಲೇಬೇಕು. ಹೀಗೆ ಆರಿಸುವ ಲೆಕ್ಕಕ್ಕೆ ಸಾಮಾನ್ಯ ನಿಯಮವನ್ನು ಕೊಟ್ಟವರಲ್ಲಿ ಒಬ್ಬ 9ನೇ ಶತಮಾನದ ಮಹಾವೀರಾಚಾರ್ಯ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವನು. ನಮ್ಮ ನಾಡಿನಲ್ಲಿ ಸಾವಿರ ವರ್ಷದ ಹಿಂದೆಯೇ ಬಿಡಿಸಿಟ್ಟ ಲೆಕ್ಕ ಇದು. ಹೆದರುವಂಥದ್ದಲ್ಲ.

ತ್ರಿಕೋನಮಿತಿಗೆ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಕೊಡಿ

ಮೊದಲ ಪಿಯುಸಿಯಲ್ಲಿ ಮಕ್ಕಳು ಅತಿ ಹೆಚ್ಚು ಕಂಗಾಲಾಗುವ ಅಧ್ಯಾಯ ಇದು. ಕಾರಣ ಸ್ಪಷ್ಟವಾಗಿದೆ. ಹತ್ತನೇ ತರಗತಿಯಲ್ಲಿ ಸೈನ್ ಎಂದರೆ ಲಂಬಕೋನ ತ್ರಿಭುಜದ ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸುವುದು. ಇಲ್ಲಿ ಏಕಾಏಕಿ ಸೈನ್ 120 ಡಿಗ್ರಿ ಬರುತ್ತದೆ. ಲಂಬಕೋನ ತ್ರಿಭುಜದಲ್ಲಿ 120 ಡಿಗ್ರಿ ಕೋನ ಇರಲು ಸಾಧ್ಯವೇ ಇಲ್ಲ! ಈ ಬದಲಾವಣೆಯನ್ನು ಲೆಕ್ಚರರ್ ಒಂದು ನಿಮಿಷ ನಿಂತು ಹೇಳದಿದ್ದರೆ ಮುಂದಿನ ಇಪ್ಪತ್ತು ಸೂತ್ರಗಳೂ ಉರು ಹೊಡೆಯುವುದೇ ಆಗುತ್ತದೆ.

ಹೀಗೆ ಮಾಡಿ. ಗ್ರಾಫ್ ಹಾಳೆಯಲ್ಲಿ 1 ಅಳತೆಯ ತ್ರಿಜ್ಯದ ವೃತ್ತ ಎಳೆಯಿರಿ, ಮೂಲಬಿಂದುವೇ ಕೇಂದ್ರ. ಬಲಗಡೆಯ ಅಕ್ಷದಿಂದ ಗಡಿಯಾರದ ಮುಳ್ಳಿಗೆ ಎದುರಾಗಿ ಕೋನ ಅಳೆಯುತ್ತಾ ಹೋಗಿ. ವೃತ್ತದ ಮೇಲೆ ನೀವು ನಿಂತ ಬಿಂದುವಿನ ಅಡ್ಡ ನಿರ್ದೇಶಾಂಕವೇ ಕಾಸ್, ಉದ್ದದ ನಿರ್ದೇಶಾಂಕವೇ ಸೈನ್. ಇಷ್ಟೇ ಹೊಸ ವ್ಯಾಖ್ಯೆ. 60 ಡಿಗ್ರಿಯಲ್ಲಿ ನೋಡಿದರೆ ಹಳೆಯ ತ್ರಿಭುಜ ಅದರೊಳಗೇ ಕಾಣಿಸುತ್ತದೆ. 120 ಡಿಗ್ರಿಗೆ ಹೋದರೆ ಬಿಂದು ಎಡಗಡೆ ಮೇಲೆ ಇರುತ್ತದೆ. ಎಡಗಡೆ ಇರುವುದರಿಂದ ಕಾಸ್ ಮೈನಸ್, ಅಂದರೆ −1/2. ಮೇಲೆ ಇರುವುದರಿಂದ ಸೈನ್ ಪ್ಲಸ್, ಅಂದರೆ √3/2. ಯಾವ ಕಾಲುಭಾಗದಲ್ಲಿ ಯಾವುದು ಪ್ಲಸ್ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ, ಚಿತ್ರವೇ ಹೇಳುತ್ತದೆ.

ರೇಡಿಯನ್ ಕೂಡ ಹೀಗೆಯೇ. ತ್ರಿಜ್ಯದಷ್ಟೇ ಉದ್ದದ ದಾರವನ್ನು ವೃತ್ತದ ಅಂಚಿನ ಮೇಲೆ ಇಟ್ಟರೆ ಕೇಂದ್ರದಲ್ಲಿ ಆಗುವ ಕೋನ 1 ರೇಡಿಯನ್, ಸುಮಾರು 57 ಡಿಗ್ರಿ. ಅರ್ಧ ಸುತ್ತಿಗೆ ಪೈ ರೇಡಿಯನ್. ಹಾಗಾಗಿ ಪೈ/3 ಎಂದು ಬೋರ್ಡಿನ ಮೇಲೆ ಕಂಡರೆ 180ನ್ನು 3ರಿಂದ ಭಾಗಿಸಿ, 60 ಡಿಗ್ರಿ ಎಂದು ಓದಿಕೊಳ್ಳಿ. ಕೆಲವು ದಿನಗಳಲ್ಲಿ ರೂಢಿಯಾಗುತ್ತದೆ.

ಹಂತ 8: ಪ್ರಶ್ನೆ ಕೇಳುವುದು ಹೇಗೆ

‘ಸರ್, ಅರ್ಥ ಆಗ್ಲಿಲ್ಲ’ ಎಂದರೆ ಅವರು ಮತ್ತೆ ಮೊದಲಿನಿಂದ ಅದನ್ನೇ ಅಷ್ಟೇ ವೇಗವಾಗಿ ಹೇಳುತ್ತಾರೆ. ಅದರ ಬದಲು ನೋಟ್ಸ್ ತೋರಿಸಿ, ‘ಸರ್, ಇಲ್ಲಿವರೆಗೆ ನಾನೇ ಮಾಡಿದೆ. ಈ ಸಾಲಿನಿಂದ ಮುಂದಿನ ಸಾಲು ಹೇಗೆ ಬಂತು, ಒಂದ್ಸಲ ಹೇಳ್ತೀರಾ?’ ಎಂದು ಕೇಳಿ. ಈ ಪ್ರಶ್ನೆಗೆ ಒಂದು ನಿಮಿಷದಲ್ಲಿ ಉತ್ತರ ಹೇಳಬಹುದು. ಎಷ್ಟೇ ಅವಸರದಲ್ಲಿದ್ದರೂ ಬಹಳಷ್ಟು ಜನ ಹೇಳುತ್ತಾರೆ. ನೀವು ಪ್ರಯತ್ನ ಪಟ್ಟಿದ್ದೀರಿ ಎಂದು ಕಂಡಾಗ ಅವರ ಧ್ವನಿಯೇ ಬದಲಾಗುತ್ತದೆ.

ಕ್ಲಾಸಿನಲ್ಲಿ ಎದ್ದು ನಿಲ್ಲಲು ಸಂಕೋಚವಾದರೆ ಸ್ಟಾಫ್ ರೂಮಿಗೆ ಹೋಗಿ. ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಹೋಗುವುದು ವಾಸಿ. ಒಮ್ಮೆಗೆ ಎರಡು ಪ್ರಶ್ನೆಗಿಂತ ಹೆಚ್ಚು ಬೇಡ. ಇಂಗ್ಲಿಷಿನಲ್ಲೇ ಕೇಳಬೇಕು ಎಂದೇನೂ ಇಲ್ಲ, ಕನ್ನಡದಲ್ಲಿ ಕೇಳಿ.

ಬೋರ್ಡಿನ ಮೇಲೆ ತಪ್ಪಾಗಿದೆ ಎಂದು ಅನ್ನಿಸಿದರೆ, ‘ಮೇಡಂ, ಅಲ್ಲಿ ಮೈನಸ್ ಬರಬೇಕಾ?’ ಎಂದು ಕೇಳಿದರೆ ಸಾಕು. ಅವರಿಗೂ ಮುಜುಗರ ಆಗುವುದಿಲ್ಲ, ತರಗತಿಗೂ ಸರಿಯಾದದ್ದು ಸಿಗುತ್ತದೆ.

ಪ್ರಶ್ನೆ ಕೇಳಿದ್ದಕ್ಕೆ ಎಲ್ಲರೆದುರು ಅವಮಾನ ಮಾಡುವುದು, ಹೊಡೆಯುವುದು ನಡೆಯುತ್ತಿದ್ದರೆ ಅದು ಪಾಠ ಅರ್ಥವಾಗದ ಸಮಸ್ಯೆ ಅಲ್ಲ. ಮನೆಯಲ್ಲಿ ಹೇಳಿ. ಅಪ್ಪ ಅಮ್ಮ ಪ್ರಿನ್ಸಿಪಾಲರ ಹತ್ತಿರ ಮಾತಾಡಲಿ. 18 ವರ್ಷದೊಳಗಿನವರು ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಹಂತ 9: ವಿಡಿಯೊ, ಗೆಳೆಯರು, ಟ್ಯೂಷನ್

ವಿಡಿಯೊ ನೋಡುವುದಾದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ ಆ ಒಂದು ವಿಷಯಕ್ಕೆ ಮಾತ್ರ ನೋಡಿ. ಲೆಕ್ಕ ಕಂಡ ಕೂಡಲೇ ವಿಡಿಯೊ ನಿಲ್ಲಿಸಿ, ನೀವೇ ಮಾಡಿ, ಆಮೇಲೆ ಮುಂದೆ ನೋಡಿ. ಒಂದು ಪಾಠಕ್ಕೆ ಒಬ್ಬರನ್ನೇ ಹಿಡಿದುಕೊಳ್ಳಿ. ನಾಲ್ಕು ಜನರ ನಾಲ್ಕು ವಿಧಾನ ನೋಡಿದರೆ ಗೊಂದಲ ನಾಲ್ಕರಷ್ಟಾಗುತ್ತದೆ.

ನನ್ನ ಅನುಭವದಲ್ಲಿ ಟ್ಯೂಷನ್‌ಗಿಂತ ಮೂವರ ಗುಂಪು ಹೆಚ್ಚು ಕೆಲಸ ಮಾಡುತ್ತದೆ. ಹಾಸ್ಟೆಲ್‌ನಲ್ಲೋ, ಬಸ್ ಕಾಯುವಾಗಲೋ ದಿನವೂ ಒಂದು ಲೆಕ್ಕವನ್ನು ಒಬ್ಬರು ಉಳಿದಿಬ್ಬರಿಗೆ ಕನ್ನಡದಲ್ಲಿ ವಿವರಿಸಬೇಕು. ಹೇಳುವಾಗ ಎಲ್ಲಿ ತಡವರಿಸಿದಿರೋ ಅಲ್ಲಿ ನಿಮಗೇ ಅರ್ಥವಾಗಿಲ್ಲ ಎಂದು ಆ ಕ್ಷಣವೇ ತಿಳಿಯುತ್ತದೆ.

ಟ್ಯೂಷನ್ ಬೇಕೇ ಬೇಕೆಂದಾದರೆ ಅಪ್ಪ ಅಮ್ಮ ಗಮನಿಸಬೇಕಾದದ್ದು ಒಂದಿದೆ. ಅರವತ್ತು ಮಕ್ಕಳನ್ನು ಕೂರಿಸಿ ಇನ್ನೂ ವೇಗವಾಗಿ ಬರೆಸುವ ಕಡೆ ದುಡ್ಡು ಕಟ್ಟಿದರೆ ಮಗುವಿಗೆ ಅರ್ಥವಾಗದ ಪಾಠ ಎರಡಾಗುತ್ತದೆ, ಅಷ್ಟೇ. ಮಗು ಕೂತು ಲೆಕ್ಕ ಮಾಡುವಾಗ ಪಕ್ಕದಲ್ಲಿ ನಿಂತು ನೋಡುವವರು ಬೇಕು. ಹತ್ತಿರದ ಡಿಗ್ರಿ ಓದುವ ಅಕ್ಕನೋ ಅಣ್ಣನೋ ವಾರಕ್ಕೆ ಎರಡು ದಿನ ಹಾಗೆ ಕೂತರೂ ಸಾಕು.

ಹಂತ 10: ನೋಡದೆ ಮಾಡಿ

ಬಿಡಿಸಿದ ಲೆಕ್ಕ ಓದಿದಾಗ ಅರ್ಥವಾಯಿತು ಎಂದು ಅನ್ನಿಸುವುದು ಬೇರೆ, ಖಾಲಿ ಹಾಳೆಯ ಮೇಲೆ ಬರುವುದು ಬೇರೆ. ತುಂಬಿದ ನೋಟ್ಸ್ ಮುಚ್ಚಿ, ಅದೇ ಲೆಕ್ಕವನ್ನು ಮೊದಲಿನಿಂದ ಮಾಡಿ. ಎಲ್ಲಿ ನಿಂತಿರೋ ಅಲ್ಲಿ ಕೆಂಪು ಗುರುತು ಹಾಕಿ. ಒಂದು ವಾರ ಬಿಟ್ಟು ಕೆಂಪು ಗುರುತಿನವುಗಳನ್ನು ಮಾತ್ರ ಮತ್ತೆ ಮಾಡಿ. ಉತ್ತರಗಳು ಪುಸ್ತಕದ ಹಿಂದೆಯೇ ಇವೆ. ಮಾಡಿದ ಮೇಲೆ ನೋಡಿ, ಮೊದಲೇ ಬೇಡ.

ಸರ್ ಹೇಳಿದ ವಿಧಾನ ಒಂದು, ಪುಸ್ತಕದ್ದು ಇನ್ನೊಂದು ಆಗಿದ್ದರೆ ನಿಮಗೆ ಕಾರಣ ಗೊತ್ತಿರುವುದನ್ನು ಬರೆಯಿರಿ. ಪರೀಕ್ಷೆಯಲ್ಲಿ ಹಂತಗಳಿಗೂ ಅಂಕ ಇರುತ್ತದೆ, ಹಾಗಾಗಿ ನಿಮ್ಮ ಲೆಕ್ಚರರ್ ಬೋರ್ಡಿನಲ್ಲಿ ನುಂಗಿದ ಸಾಲುಗಳನ್ನು ಉತ್ತರ ಪತ್ರಿಕೆಯಲ್ಲಿ ನೀವು ನುಂಗಬೇಡಿ.

ವರ್ಷ ಅರ್ಧ ಮುಗಿದುಹೋಗಿದ್ದರೆ

ಎಲ್ಲವನ್ನೂ ಮೊದಲಿನಿಂದ ಹಿಡಿಯಲು ಹೋಗಬೇಡಿ. ಈಗ ನಡೆಯುತ್ತಿರುವ ಅಧ್ಯಾಯಕ್ಕೆ ಮೇಲಿನ ಹಂತಗಳನ್ನು ಶುರು ಮಾಡಿ, ದಿನಕ್ಕೆ ಅರ್ಧ ಗಂಟೆ ಮಾತ್ರ ಹಿಂದಿನದಕ್ಕೆ ಕೊಡಿ. ಗಣಗಳು, ಸಂಖ್ಯಾಶಾಸ್ತ್ರ, ಅಸಮತೆಗಳಂಥ ಅಧ್ಯಾಯಗಳನ್ನು ಸ್ವಂತವಾಗಿ ಓದಿಯೇ ಹಿಡಿಯಬಹುದು. ಮೊದಲು ಅವನ್ನು ಮುಗಿಸಿದರೆ ಅಂಕವೂ ಬರುತ್ತದೆ, ಧೈರ್ಯವೂ ಬರುತ್ತದೆ.

ಬೇಸಿಗೆ ರಜೆಯಲ್ಲಿ ಕೂತು ಸರಿ ಮಾಡಿಕೊಳ್ಳಲೇಬೇಕಾದವು ಮೂರು: ಸಂಬಂಧಗಳು ಮತ್ತು ಫಂಕ್ಷನ್‌ಗಳು, ತ್ರಿಕೋನಮಿತಿ, ಲಿಮಿಟ್ಸ್ ಮತ್ತು ಡೆರಿವೇಟಿವ್ಸ್. ಎರಡನೇ ಪಿಯುಸಿ ಶುರುವಾಗುವುದೇ ಫಂಕ್ಷನ್‌ಗಳಿಂದ. ಅದರ ಬೆನ್ನಿಗೇ ವಿಲೋಮ ತ್ರಿಕೋನಮಿತಿ ಬರುತ್ತದೆ, ಆಮೇಲೆ ಡಿಫರೆನ್ಸಿಯೇಷನ್ ಮತ್ತು ಇಂಟಿಗ್ರೇಷನ್. ಮೂರರಲ್ಲಿ ಒಂದಕ್ಕೆ ಮಾತ್ರ ಸಮಯ ಇದೆ ಎಂದಾದರೆ ತ್ರಿಕೋನಮಿತಿಯನ್ನೇ ತೆಗೆದುಕೊಳ್ಳಿ. ಉಳಿದ ಎರಡರ ಲೆಕ್ಕಗಳಲ್ಲೂ ಅದು ಬರುತ್ತಲೇ ಇರುತ್ತದೆ, ಫಿಸಿಕ್ಸ್‌ನಲ್ಲೂ ಬೇಕಾಗುತ್ತದೆ.